ಹಗಲು ಹೊತ್ತಿನ ಆನೆ

ಯಲಹಂಕದವರಿಗೆ ಬನ್ನೇರುಘಟ್ಟ ಅಂದರೆ ಹೆಚ್ಚುಕಡಿಮೆ ಬೇರೆ ಜಿಲ್ಲೆ ಇದ್ದ ಹಾಗೆ. ನಂದಿ ಬೆಟ್ಟಕ್ಕಾದರೆ ಬೆಳಗಿನ ಜಾವ ಹೋಗಿ, ಸೂರ್ಯನನ್ನು ನೋಡಿ, ಒಂಬತ್ತೂವರೆಗೆ ವಾಪಸ್ ಬಂದು ತಿಂಡಿ ತಿನ್ನಬಹುದು. ಬನ್ನೇರುಘಟ್ಟಕ್ಕೆ ಹೋಗಬೇಕೆಂದರೆ ಹೆಬ್ಬಾಳ ದಾಟಬೇಕು, ಮೇಖ್ರಿ ಸರ್ಕಲ್ ದಾಟಬೇಕು, ಊರನ್ನು ಉತ್ತರದಿಂದ ದಕ್ಷಿಣಕ್ಕೆ ಪೂರ್ತಿ ಸೀಳಿಕೊಂಡು ಡೇರಿ ಸರ್ಕಲ್, ಜಯದೇವ, ಗೊಟ್ಟಿಗೆರೆ ಅಂತ ಹೋಗುತ್ತಲೇ ಇರಬೇಕು. ಸುಮಾರು 40 ಕಿಲೋಮೀಟರ್. ನಾಗವಾರದಿಂದ ಕಾಳೇನ ಅಗ್ರಹಾರಕ್ಕೆ ಮೆಟ್ರೋ ಗುಲಾಬಿ ಮಾರ್ಗ ಶುರುವಾದರೆ ಕಷ್ಟ ತಪ್ಪುತ್ತದೆ ಅಂತ ನಾವು ಉತ್ತರದವರು ವರ್ಷಗಳಿಂದ ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಿದ್ದೇವೆ. ಮಾನ್ಯತಾದಲ್ಲಿ ನನ್ನ ಟೀಮಿನಲ್ಲಿ ಹನ್ನೊಂದು ಜನ ಇದ್ದಾರೆ. ಸಿಂಗಪುರದ ನೈಟ್ ಸಫಾರಿ ನೋಡಿದವರು ನಾಲ್ವರು, ಬನ್ನೇರುಘಟ್ಟ ನೋಡಿದವರು ಮೂವರು.

ಆ ಮೂವರಲ್ಲಿ ನಾನೂ ಸೇರಿದ್ದು ಕಳೆದ ದೀಪಾವಳಿ ಮುಗಿದ ಮೇಲಿನ ಶನಿವಾರ. ಅದಕ್ಕಿಂತ ಮುಂಚೆ ಹೋಗಿರಲಿಲ್ಲ ಅಂದರೆ ನಗುತ್ತೀರಿ. ಯಾಕೆಂದರೆ ನಮ್ಮ ಊರು ಇರುವುದು ಆನೇಕಲ್ ತಾಲ್ಲೂಕಿನಲ್ಲಿ, ಅದೇ ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿ. ಮೃಗಾಲಯದ ಮುಂದಿನಿಂದಲೇ ಜಿಗಣಿ ಕಡೆ ನೂರಾರು ಸಲ ಓಡಾಡಿದ್ದೇನೆ. ಒಳಗೆ ಹೋಗಿರಲಿಲ್ಲ. ದುಡ್ಡು ಕೊಟ್ಟು ಆನೆ ನೋಡುವುದು ಅಂದರೆ ನಮ್ಮ ಮನೆಯಲ್ಲಿ ಅದೊಂದು ಜೋಕು.

ಅವತ್ತು ನಾನು ಹೊರಟಿದ್ದು ಅಪ್ಪನನ್ನು ಊರಿಗೆ ಬಿಟ್ಟುಬರಲು. ರಾಗಿ ಬಿತ್ತನೆ ಮುಗಿಸಿಕೊಂಡು ಜುಲೈನಲ್ಲಿ ನಮ್ಮ ಮನೆಗೆ ಬಂದವರು ಎರಡು ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು, ಯಲಹಂಕ ಉಪನಗರದ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು, ಮೂರು ತಿಂಗಳು ವಿಮಾನ ಎಣಿಸಿದ್ದರು. ಅಕ್ಟೋಬರ್ ಬಂದ ಕೂಡಲೇ ಎಣಿಕೆ ನಿಂತಿತು. ರಾಗಿ ತೆನೆ ಕಟ್ಟುವ ಹೊತ್ತು. ಊರಿನಿಂದ ಅಮ್ಮ ದಿನಾ ಫೋನ್ ಮಾಡಿ ನನಗೆ ಮಾತ್ರ ಕೇಳುವ ಹಾಗೆ ಒಂದೇ ಮಾತು ಹೇಳುತ್ತಿದ್ದರು: "ಅಲ್ಲೇ ಇರಿಸ್ಕೊ ಕಣೆ. ಕೊಯ್ಲು ಮುಗಿಯಗಂಟ ಕಳಿಸ್ಬೇಡ." ಅಪ್ಪ ಇನ್ನೊಂದು ಕಡೆಯಿಂದ, "ಯಾವತ್ತು ಬಿಡ್ತೀಯ?"

ಹೋದ ವರ್ಷ ಪಕ್ಕದ ಊರಿನಲ್ಲಿ ಬೆಳಗಿನ ಮಂಜಿನಲ್ಲಿ ಹೊಲಕ್ಕೆ ಹೊರಟವರೊಬ್ಬರು ಆನೆಗೆ ಸಿಕ್ಕಿ ತೀರಿಕೊಂಡರು. ಅಪ್ಪನ ಜೊತೆ ಶಾಲೆಗೆ ಹೋದವರು. ಆಗ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಹತ್ತು ಹೆಜ್ಜೆ ಆಚೆ ನಿಂತವರ ಮುಖ ಗೊತ್ತಾಗುತ್ತಿರಲಿಲ್ಲ. ಆದರೂ ಅದೇ ವಾರ ಕಾವಲಿಗೆ ಹೋಗಿದ್ದರು. ಅಮ್ಮನ ಭಯಕ್ಕೆ ಕಾರಣ ಇದೆ.

ಜೊತೆಗೆ ಆರ್.ಟಿ. ನಗರದ ಅಕ್ಕನ ಮಗಳೂ ಇದ್ದಳು. ಆರು ವರ್ಷ. ಮನೆಯಲ್ಲಿ ಎಲ್ಲರೂ ಪಾಪು ಅಂತಲೇ ಕರೆಯುವುದು. ಅವಳಿಗೆ ವಂಡರ್‌ಲಾ ಬೇಕಿತ್ತು. ಬಿಡದಿ ಎಲ್ಲಿ, ಆನೇಕಲ್ ಎಲ್ಲಿ! ಜಯಮಹಲ್ ಹತ್ತಿರದ ಫನ್ ವರ್ಲ್ಡ್ ಆದರೂ ಆಗಬಹುದು ಅಂತ ಅರಮನೆ ಮೈದಾನ ದಾಟುವಾಗ ಕೊನೆಯ ಪ್ರಯತ್ನ ಮಾಡಿದಳು. "ಆನೆ ತೋರಿಸ್ತೀನಿ, ಜಿರಾಫೆ ತೋರಿಸ್ತೀನಿ" ಅಂತ ನಾನು ಒಪ್ಪಿಸಿದೆ. ಹಿಂದಿನ ಸೀಟಿನಿಂದ ಅಪ್ಪ, "ಆನೆ ನಮ್ಮೂರಲ್ಲಿ ಪುಕ್ಕಟೆ ಐತೆ" ಅಂದರು.

ಗೇಟಿಗೆ ತಲುಪಿದಾಗ ಹನ್ನೊಂದೂಕಾಲು. ಊರಿನಲ್ಲಿ ಅಮ್ಮ ಊಟಕ್ಕೆ ಕಾಯುತ್ತಾರೆ, ಒಂದೂಮುಕ್ಕಾಲಿಗೆ ಹೊರಡಲೇಬೇಕು. ಸಫಾರಿ ಬಸ್ಸಿಗೆ ಉದ್ದನೆಯ ಕ್ಯೂ ಇತ್ತು. 2024ರಲ್ಲಿ ಚಿರತೆ ಸಫಾರಿಯೂ ಸೇರಿದ ಮೇಲೆ ಜನ ಇನ್ನೂ ಹೆಚ್ಚಂತೆ. ನಾವು ಮೃಗಾಲಯಕ್ಕೆ ಮಾತ್ರ ಟಿಕೆಟ್ ತಗೊಂಡೆವು. ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ, ಆಧಾರ್ ಇಟ್ಟುಕೊಂಡಿರಿ. ಇನ್ನೊಂದು, ಮಂಗಳವಾರ ರಜೆ, ಮಕ್ಕಳಿಗೆ ಮಾತು ಕೊಡುವ ಮುಂಚೆ ವಾರ ನೋಡಿ.

ಒಳಗೆ ಜೀಬ್ರಾ, ನೀರಾನೆ, ಜಿರಾಫೆ ಎಲ್ಲ ಸರಸರ ಆಯಿತು. ಜಿರಾಫೆ ಹತ್ತಿರ ಪಾಪು ಕೇಳಿದ ಪ್ರಶ್ನೆಗಳಿಗೆ ಅಪ್ಪ ಕೊಟ್ಟ ಉತ್ತರಗಳಲ್ಲಿ ಅರ್ಧ ಸುಳ್ಳು, ಆದರೆ ಅವಳಿಗೆ ತೃಪ್ತಿಯಾಯಿತು. ಮಲಗಿದ್ದ ಪ್ರಾಣಿಗಳನ್ನು "ಏಯ್, ಎದ್ದೇಳೋ" ಅಂತ ಕೂಗಿ ಎಬ್ಬಿಸುವ ದೊಡ್ಡವರು ಎಲ್ಲ ಕಡೆ ಇರುತ್ತಾರಲ್ಲ, ಇಲ್ಲೂ ಇದ್ದರು. ಮಕ್ಕಳು ಸುಮ್ಮನೆ ನೋಡುತ್ತವೆ, ಕೂಗುವುದು ಅಪ್ಪಂದಿರು. ಟಿಕೆಟ್ ಕೊಟ್ಟ ಮಾತ್ರಕ್ಕೆ ಅದು ಎದ್ದು ನಿಮಗೆ ನಮಸ್ಕಾರ ಮಾಡಬೇಕಾ?

ಹಿಮಾಲಯದ ಕಪ್ಪು ಕರಡಿಯ ಮುಂದೆ ಮಾತ್ರ ಅಪ್ಪ ಸ್ವಲ್ಪ ಹೊತ್ತು ನಿಂತರು. ಅವರು ಚಿಕ್ಕವರಿದ್ದಾಗ ಊರಿಗೆ ಕರಡಿ ಆಡಿಸುವವರು ಬರುತ್ತಿದ್ದರಂತೆ. ಜ್ವರ ಬಂದ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲನ್ನು ತಾಯತಕ್ಕೆ ಹಾಕಿ ಕಟ್ಟುತ್ತಿದ್ದರು. "ಮೂಗಿಗೆ ಹಗ್ಗ ಪೋಣಿಸಿದ್ರು. ನಾವು ಹಗ್ಗ ನೋಡ್ತಿರಲಿಲ್ಲ, ಕುಣಿತ ನೋಡ್ತಿದ್ವಿ" ಅಂದರು. ದೇಶದಲ್ಲಿ ಹಾಗೆ ಕುಣಿಸುತ್ತಿದ್ದ ಕರಡಿಗಳಲ್ಲಿ ಕೊನೆಯದು ಅಂತ ಹೇಳುವ ರಾಜು ಅನ್ನುವ ಕರಡಿ 2009ರಲ್ಲಿ ಬಂದು ಸೇರಿದ್ದು ಇಲ್ಲಿನ ಪುನರ್ವಸತಿ ಕೇಂದ್ರಕ್ಕೇ. ಅದನ್ನು ಹೇಳಿದೆ. ಅಪ್ಪ ತಲೆಯಾಡಿಸಿದರು, ಏನೂ ಅನ್ನಲಿಲ್ಲ.

ಆಮೇಲೆ ಆನೆಗಳ ಹತ್ತಿರ ಬಂದೆವು.

ಎರಡು ಹೆಣ್ಣಾನೆ, ಒಂದು ಮರಿ. ಮರಿ ಮಣ್ಣನ್ನು ಸೊಂಡಿಲಲ್ಲಿ ತೆಗೆದು ಬೆನ್ನ ಮೇಲೆ ಎರಚಿಕೊಳ್ಳಲು ನೋಡುತ್ತಿತ್ತು, ಅರ್ಧ ಮಣ್ಣು ದಾರಿಯಲ್ಲೇ ಉದುರುತ್ತಿತ್ತು. ಪಾಪು ಕುಣಿದಾಡಿದಳು. ನಾನು ಫೋಟೊ ತೆಗೆದೆ. ತಿರುಗಿ ನೋಡಿದರೆ ಅಪ್ಪ ನಮ್ಮಿಂದ ನಾಲ್ಕು ಹೆಜ್ಜೆ ಹಿಂದೆ, ಒಂದು ಮರದ ಪಕ್ಕ ನಿಂತಿದ್ದರು. ನಮಗೂ ಆನೆಗೂ ನಡುವೆ ಬೇಲಿ ಇದೆ, ಅಂತರ ಇದೆ, ಸುತ್ತ ಇಪ್ಪತ್ತು ಜನ ಇದ್ದಾರೆ. ಆದರೂ ಕಾಲು ತಾನಾಗಿಯೇ ಮರ ಹುಡುಕಿಕೊಂಡಿತ್ತು.

"ಮುಂದೆ ಬಾಪ್ಪ, ಇಲ್ಲಿ ಚೆನ್ನಾಗಿ ಕಾಣುತ್ತೆ" ಅಂದೆ.

"ಇಲ್ಲಿಂದ್ಲೇ ಕಾಣ್ತದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ರೆಪ್ಪೆ ಕೂದಲು ಎಷ್ಟುದ್ದ ಐತೆ ನೋಡು ಮಗ" ಅಂದರು.

ನಲವತ್ತು ವರ್ಷ ಆನೆ ಓಡಿಸಿದ ಮನುಷ್ಯ ಇದು. ಆನೆಯ ರೆಪ್ಪೆ ನೋಡಿದ್ದು ಅವತ್ತೇ ಮೊದಲು. ಅವರು ಕಂಡದ್ದೆಲ್ಲ ರಾತ್ರಿ, ಟಾರ್ಚಿನ ತುದಿಯಲ್ಲಿ ಒಂದು ಬೆನ್ನು, ಒಂದು ಕಿವಿ, ಅಥವಾ ಬರೀ ಕತ್ತಲು ಅಲ್ಲಾಡಿದ್ದು.

ರಾಗಿ ಕಾವಲು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬನ್ನೇರುಘಟ್ಟ ಅನ್ನುವುದು ಬರೀ ಮೃಗಾಲಯ ಅಲ್ಲ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಈಗ 260 ಚದರ ಕಿಲೋಮೀಟರಿಗೂ ಹೆಚ್ಚಿದೆ. ಅದು ದಕ್ಷಿಣಕ್ಕೆ ಕಾವೇರಿ ವನ್ಯಧಾಮದ ಕಡೆಗೂ ತಮಿಳುನಾಡಿನ ಹೊಸೂರು ಕಡೆಯ ಕಾಡುಗಳಿಗೂ ಕೂಡಿಕೊಂಡಿದೆ. ಆನೆಗೆ ರಾಜ್ಯದ ಗಡಿ ಇಲ್ಲ. ರಾಗಿ ತೆನೆ ಹಾಲು ತುಂಬುವ ಹೊತ್ತಿಗೆ ಹಿಂಡುಗಳು ಬರುತ್ತವೆ, ಕೊಯ್ಲಿನವರೆಗೆ ಸುತ್ತಮುತ್ತ ಇರುತ್ತವೆ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ಕಾಡಿನಲ್ಲಿ ಅಷ್ಟು ಮೇಯಲು ದಿನವೆಲ್ಲ ನಡೆಯಬೇಕು. ನಮ್ಮ ಒಂದೂವರೆ ಎಕರೆಯಲ್ಲಾದರೆ ನಿಂತಲ್ಲೇ ಸಿಗುತ್ತದೆ.

ತಡೆಯಲು ಏನೇನೋ ಮಾಡಿದ್ದಾರೆ. ಕಂದಕ ತೋಡಿದರು, ಮಳೆಗೆ ದಡ ಕುಸಿಯಿತು. ಸೋಲಾರ್ ಬೇಲಿ ಹಾಕಿದರು, ಒಣಮರ ತಂದು ಅದರ ಮೇಲೆ ಕೆಡವಿ ದಾಟುವುದನ್ನು ಆನೆ ಕಲಿಯಿತು. ಹಳೆಯ ರೈಲು ಕಂಬಿಗಳ ತಡೆಗೋಡೆ ಎಲ್ಲಕ್ಕಿಂತ ಗಟ್ಟಿ, ಆದರೆ ದುಬಾರಿ, ಎಲ್ಲ ಕಡೆ ಇಲ್ಲ. ಕಂಬಿ ಮುಗಿಯುವ ಜಾಗ ಎಲ್ಲಿ ಅಂತ ಆನೆಗೆ ಗೊತ್ತು. ಬೆಳೆ ಹಾಳಾದರೆ ಸರ್ಕಾರದಿಂದ ಪರಿಹಾರ ಇದೆ: ಅರ್ಜಿ, ಪಹಣಿ, ಫೋಟೊ ಎಲ್ಲ ಕೊಡಬೇಕು. ಅದು ತಿಂದ ಬೆಳೆಗೆ. ತಿನ್ನದ ಹಾಗೆ ಕಾದ ರಾತ್ರಿಗಳಿಗೆ ಯಾರೂ ಅರ್ಜಿ ತಗೊಳ್ಳುವುದಿಲ್ಲ.

ಹಾಗಾಗಿ ಕಾವಲು. ಹೊಲದ ಮೂಲೆಯ ಹುಣಸೆ ಮರದಲ್ಲಿ ಅಟ್ಟಣೆ, ಕೆಳಗೆ ಬೆಂಕಿ, ಕೈಗೆ ತಗಡಿನ ಡಬ್ಬ, ದೀಪಾವಳಿಯಲ್ಲಿ ಉಳಿಸಿಟ್ಟ ಪಟಾಕಿ. ನಮ್ಮ ಮನೆಯಲ್ಲಿ ಹಬ್ಬದ ದಿನ ಸುರ್‌ಸುರ್‌ಬತ್ತಿ ಮಾತ್ರ. ಸದ್ದು ಮಾಡುವ ಪಟಾಕಿಯೆಲ್ಲ ಡಬ್ಬದಲ್ಲಿ, ಆನೆಗೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಟ ಮಾಡಿ ಒಂದು ರಾತ್ರಿ ಅಟ್ಟಣೆಯಲ್ಲಿ ಮಲಗಿದ್ದೆ. ಆನೆ ಕಾಣಲಿಲ್ಲ. ಕೇಳಿಸಿತು. ರಾಗಿ ಪೈರು ಕಿತ್ತು, ಬೇರಿನ ಮಣ್ಣು ಹೋಗಲೆಂದು ಕಾಲಿಗೆ ಬಡಿದುಕೊಳ್ಳುವ ಸದ್ದು, ಪಟ್ ಪಟ್ ಅಂತ, ನಮ್ಮ ಮನೆಯಲ್ಲಿ ಅಮ್ಮ ಸೊಪ್ಪು ಕೊಡವುವ ಹಾಗೇ. ಅಪ್ಪ ನನ್ನ ಬಾಯಿ ಮೇಲೆ ಕೈ ಇಟ್ಟಿದ್ದರು. ಆ ಕೈ ನಡುಗುತ್ತಿತ್ತು. ಅಲ್ಲಿಯವರೆಗೆ ನಮ್ಮಪ್ಪನಿಗೆ ಭಯ ಅನ್ನುವುದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನನ್ನ ಇಂಜಿನಿಯರಿಂಗ್ ಫೀಸಿನ ಒಂದಷ್ಟು ಭಾಗ ಆ ಹೊಲದಿಂದ ಬಂತು. ಇವತ್ತು ನನ್ನ ಒಂದು ತಿಂಗಳ ಸಂಬಳದಲ್ಲಿ ಆ ವರ್ಷದ ರಾಗಿಯನ್ನೆಲ್ಲ ಕೊಳ್ಳಬಹುದು. "ಬಿಟ್ಟುಬಿಡಪ್ಪ, ನಾನು ಕೊಡ್ತೀನಿ" ಅಂತ ಹೇಳುವುದು ಸುಲಭ, ಎರಡು ಸಲ ಹೇಳಿಯೂ ಇದ್ದೇನೆ. ಅವರು ಕೇಳಿಸಿಕೊಂಡವರ ಹಾಗೆ ಎದ್ದು ಹೋಗುತ್ತಾರೆ.

ಮೃಗಾಲಯಕ್ಕೆ ವಾಪಸ್ ಬರೋಣ. ಖಾಕಿ ಶರ್ಟಿನ ಮಾವುತರೊಬ್ಬರು ಬೇಲಿಯ ಹತ್ತಿರ ಬಂದಿದ್ದರು. ಅಪ್ಪ ಕೊನೆಗೂ ಮರ ಬಿಟ್ಟು ಮುಂದೆ ಬಂದು ಮಾತು ತೆಗೆದರು.

"ರಾತ್ರಿ ಇವ್ನ ಎಲ್ಲಿ ಕಟ್ತೀರ ಸ್ವಾಮಿ?"

"ಕಟ್ಟಾಕಲ್ಲ ಯಜಮಾನ್ರೆ. ಸಂಜೆ ಮೇಲೆ ಕಾಡಿಗೆ ಬಿಡ್ತೀವಿ, ಮೇಯ್ಕಂಡಿರ್ತವೆ. ಬೆಳಿಗ್ಗೆ ಹೋಗಿ ಹುಡುಕ್ಕಂಡು ಕರ್ಕಂಬತ್ತೀವಿ."

"ಅಲ್ಲಿ ಕಾಡಾನೆ ಇರ್ತವಲ್ಲ, ಇವಕ್ಕೆ ಏನೂ ಮಾಡಲ್ವಾ?"

ಮಾವುತರು ನಕ್ಕರು. "ಏನೂ ಮಾಡ್ದೆ ಇದ್ದಿದ್ರೆ ಈ ಮರಿಗಳು ಎಲ್ಲಿಂದ ಬತ್ತಿದ್ವು?"

"ಏನು ಮಾಡ್ತವೆ ತಾತ?" ಅಂತ ಪಾಪು ಕೇಳಿದಳು. ನಾನು ತಕ್ಷಣ ಅವಳ ಕೈಗೆ ನೀರಿನ ಬಾಟಲಿ ಕೊಟ್ಟೆ.

ವಿಷಯ ನಿಜ. ಇಲ್ಲಿ ಹುಟ್ಟಿದ ಮರಿಗಳಿಗೆ ಕಾಡಿನ ಸಲಗಗಳೇ ಅಪ್ಪಂದಿರು ಅಂತ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಅಪ್ಪ ಮಾತ್ರ ಅದನ್ನು ಮೊದಲ ಸಲ ಕೇಳುತ್ತಿದ್ದರು. ಮರಿಯನ್ನು ನೋಡಿದರು, ಮಾವುತರನ್ನು ನೋಡಿದರು, ಮತ್ತೆ ಮರಿಯನ್ನು ನೋಡಿದರು.

"ಹಂಗಾದ್ರೆ ನಮ್ ರಾಗಿ ತಿಂದೋನೇ ಇದರಪ್ಪ ಇರ್ಬೌದು."

"ಇರ್ಬೌದು" ಅಂದರು ಮಾವುತರು. "ಯಾವೂರು ತಮ್ದು?"

ಊರಿನ ಹೆಸರು ಹೇಳಿದ್ದೇ ತಡ, ಇಬ್ಬರೂ ನೆಂಟರ ಹಾಗೆ ಶುರುಮಾಡಿದರು. ಯಾವ ಕಡೆಯಿಂದ ಇಳಿಯುತ್ತವೆ, ಎಷ್ಟು ಬರುತ್ತವೆ, ಒಂಟಿ ಸಲಗ ಕೆಟ್ಟದ್ದೋ ಮರಿ ಇರುವ ಹಿಂಡು ಕೆಟ್ಟದ್ದೋ. ಮಾವುತರು ಒಂದು ಮಾತು ಹೇಳಿದರು: "ಪಟಾಕಿ ಹೊಡೆದು ಗಾಬರಿ ಬೀಳಿಸಿದ್ರೆ ಅದು ಯಾವ ಕಡೆ ಓಡ್ತದೆ ಅಂತ ಅದಕ್ಕೇ ಗೊತ್ತಿರಲ್ಲ. ಓಡಕ್ಕೆ ಒಂದು ದಾರಿ ಬಿಟ್ಟು ಸದ್ದು ಮಾಡಿ. ನೀವಂತೂ ಆ ದಾರಿಲಿ ನಿಂತ್ಕಬೇಡಿ." ಅಪ್ಪ ಇದನ್ನು ತಲೆಯಾಡಿಸಿ ಕೇಳಿಸಿಕೊಂಡರು. ಇದೇ ಮಾತನ್ನು ನಾನು ಹೇಳಿದ್ದರೆ ಎದ್ದು ಹೋಗಿರುತ್ತಿದ್ದರು.

ಜಪಾನಿನ ಕಥೆ ಬಂದದ್ದೂ ಅಲ್ಲೇ. ಜುಲೈ 2025ರಲ್ಲಿ ಇಲ್ಲಿಂದ ಸುರೇಶ, ಗೌರಿ, ಶ್ರುತಿ, ತುಳಸಿ ಅನ್ನುವ ನಾಲ್ಕು ಎಳೆಯ ಆನೆಗಳನ್ನು ದೇವನಹಳ್ಳಿ ಏರ್‌ಪೋರ್ಟಿನಿಂದ ವಿಮಾನದಲ್ಲಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಕಳಿಸಿದರು. ಅದೂ ಕುಟುಂಬಗಳು ಹೋಗುವ ಜಾಗ, ಒಂದು ಕಡೆ ಸಫಾರಿ, ಇನ್ನೊಂದು ಕಡೆ ರೋಲರ್ ಕೋಸ್ಟರ್. ಬದಲಿಗೆ ನಮಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ, ಕಪುಚಿನ್ ಕೋತಿ ಅಂತ ಒಪ್ಪಂದ. ಪೆಟ್ಟಿಗೆಯೊಳಗೆ ನಿಲ್ಲುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ ಕಳಿಸಿದ್ದು.

"ಜುಲೈನಲ್ಲಾ?" ಅಪ್ಪ ನನ್ನ ಕಡೆ ತಿರುಗಿದರು. "ನಾನು ಬಾಲ್ಕನಿಲಿ ಕೂತು ಎಣಿಸ್ತಿದ್ನಲ್ಲ, ಅದರಲ್ಲೊಂದ್ರಲ್ಲಿ ಆನೆ ಇತ್ತಾ?"

"ಇದ್ರೂ ಇರಬಹುದಪ್ಪ."

"ನಮ್ ರಾಗಿ ಜಪಾನಿಗೂ ಹೋಯ್ತು ಅನ್ನು."

ಮಾವುತರು ಜೋರಾಗಿ ನಕ್ಕರು. ಇದು ಹೊಸದೇನಲ್ಲ ನೋಡಿ. 1949ರಲ್ಲಿ, ಯುದ್ಧ ಮುಗಿದು ಟೋಕಿಯೋದ ಉಯೆನೋ ಮೃಗಾಲಯದಲ್ಲಿ ಒಂದು ಆನೆಯೂ ಉಳಿದಿಲ್ಲದಾಗ, ಅಲ್ಲಿನ ಮಕ್ಕಳು ಬರೆದ ಕಾಗದಗಳಿಗೆ ಉತ್ತರವಾಗಿ ನೆಹರೂ ಒಂದು ಆನೆ ಕಳಿಸಿದರು, ಮಗಳ ಹೆಸರನ್ನೇ ಇಟ್ಟು, ಇಂದಿರಾ ಅಂತ. ಆ ಆನೆ ಮೈಸೂರಿನದು. ಅದಕ್ಕೆ ಗೊತ್ತಿದ್ದದ್ದು ಕನ್ನಡ. ಜೊತೆಗೆ ಹೋದ ಮಾವುತರಿಂದ ಜಪಾನಿನ ನೋಡಿಕೊಳ್ಳುವವರು ಕನ್ನಡ ಕಲಿಯಬೇಕಾಯಿತು. ನನ್ನ ಟೀಮಿನಲ್ಲಿ ಹತ್ತು ವರ್ಷದಿಂದ ಹೆಬ್ಬಾಳದಲ್ಲಿ ಇದ್ದು "ಕನ್ನಡ ಗೊತ್ತಿಲ್ಲ" ಅನ್ನುವವರಿಗೆ ಈ ಕಥೆ ಹೇಳಿದ್ದೇನೆ. ಕಲಿಯುವುದು ಬಿಟ್ಟು, ಆನೆಯ ಫೋಟೊ ಕೇಳಿದರು.

ಹನ್ನೆರಡೂಮುಕ್ಕಾಲಿಗೆ ಪಾಪು ಆಟದ ಜಾಗದಲ್ಲಿ ಜಾರುಬಂಡೆ ಹತ್ತಿದಳು. ಅವಳ ಪ್ರಕಾರ ಬನ್ನೇರುಘಟ್ಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ. ನಾವಿಬ್ಬರೂ ಕಲ್ಲುಬೆಂಚಿನಲ್ಲಿ ಕೂತು ಸ್ಟೀಲ್ ಡಬ್ಬಿಯ ಚಿತ್ರಾನ್ನ ತೆಗೆದೆವು. ಕೇಳುವುದಾದರೆ ಈಗಲೇ ಕೇಳಬೇಕು ಅನ್ನಿಸಿತು. ಊರು ತಲುಪಿದರೆ ಅಮ್ಮ ಅಳುತ್ತಾರೆ, ಚಿಕ್ಕಪ್ಪ ನಡುವೆ ಬರುತ್ತಾರೆ, ಮಾತು ಜಗಳವಾಗುತ್ತದೆ.

"ಈ ವರ್ಷ ಕಾವಲಿಗೆ ಹೋಗ್ಬೇಡಪ್ಪ."

ಅವರು ಡಬ್ಬಿಯಲ್ಲಿ ಕಡಲೆಕಾಯಿ ಬೀಜ ಹುಡುಕುತ್ತಿದ್ದರು. "ನಿಂಗೆ ರಾತ್ರಿ ಎರಡು ಗಂಟೇಲಿ ಫೋನ್ ಬತ್ತದೆ. ಎದ್ದು ಲ್ಯಾಪ್‌ಟಾಪ್ ತೆಗೀತೀಯ. ಮೂರ್ ತಿಂಗಳು ನೋಡಿದೀನಿ. ಯಾಕೆ?"

"ಅದು ಆನ್‌ಕಾಲ್. ಸರ್ವರ್ ಬಿದ್ದೋದ್ರೆ ನೋಡ್ಬೇಕು."

"ಇದೂ ಅದೇ."

"ನಮ್ ಸರ್ವರ್ ಬಂದು ನನ್ನ ತುಳಿಯಲ್ಲ ಅಪ್ಪ."

ಅದಕ್ಕೆ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ತೀರಿಕೊಂಡ ಗೆಳೆಯನ ಹೆಸರು ಹೇಳಿ, "ಅವನು ಒಬ್ನೇ ಹೋಗಿದ್ದ" ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನೀನು ಒಬ್ಳೇನಾ ಎದ್ದೇಳದು, ದಿನಾ?"

ಇಲ್ಲ, ಸರದಿ ಇದೆ ಅಂದೆ. ಒಂದು ವಾರ ನಾನು, ಇನ್ನೊಂದು ವಾರ ಇನ್ನೊಬ್ಬರು. ಮೊದಲನೆಯವರು ಫೋನ್ ಎತ್ತದಿದ್ದರೆ ಎರಡನೆಯವರಿಗೆ ಹೋಗುತ್ತದೆ. ಅಪ್ಪ ಇದನ್ನು ಬಿಡಿಸಿ ಬಿಡಿಸಿ ಕೇಳಿದರು. ನಮ್ಮ ಮ್ಯಾನೇಜರ್ ಕೂಡ ಅಷ್ಟು ಆಸಕ್ತಿಯಿಂದ ಕೇಳಿಲ್ಲ.

ಊರಿನಲ್ಲಿ ಮೊದಲಿಂದಲೂ ಜೊತೆ ಕಾವಲು ಇತ್ತು. ಹುಡುಗರೆಲ್ಲ ಜಿಗಣಿ, ಬೊಮ್ಮಸಂದ್ರದ ಫ್ಯಾಕ್ಟರಿ ಸೇರಿಕೊಂಡ ಮೇಲೆ ಹೊಲಕ್ಕೊಬ್ಬ ಮುದುಕ ಅಂತಾಗಿದೆ. ಮಧ್ಯಾಹ್ನ ಊಟ ಆದ ಮೇಲೆ ಚಿಕ್ಕಪ್ಪ, ಪಕ್ಕದ ಎರಡು ಹೊಲದವರು, ಅಪ್ಪ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿಕೊಂಡೆ. ನಾಲ್ಕು ಹೊಲಕ್ಕೆ ಸೇರಿಸಿ ಒಂದೇ ಕಾವಲು, ಒಂದು ರಾತ್ರಿಗೆ ಇಬ್ಬರು, ಒಬ್ಬರೇ ಇಳಿಯುವ ಹಾಗಿಲ್ಲ. ಬೆಳಗ್ಗೆ ಮಂಜು ಕರಗುವವರೆಗೆ ಅಟ್ಟಣೆ ಬಿಡುವ ಹಾಗಿಲ್ಲ. ವಾಟ್ಸ್‌ಆ್ಯಪ್ ಗುಂಪು ಒಂದು. ರಾತ್ರಿ ಹತ್ತಕ್ಕೆ ಮತ್ತು ಬೆಳಗ್ಗೆ ನಾಲ್ಕಕ್ಕೆ ಒಂದೊಂದು ವಾಯ್ಸ್ ಮೆಸೇಜ್ ಹಾಕಬೇಕು. ಪಟ್ಟಿಯನ್ನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದೆ. ಅಮ್ಮನಿಗೆ ಇದು ಪೂರ್ತಿ ಸಮಾಧಾನ ಕೊಡಲಿಲ್ಲ. "ಕಳಿಸ್ಬೇಡ ಅಂದಿದ್ದೆ, ಟೈಮ್‌ಟೇಬಲ್ ಹಾಕ್ಕೊಟ್ಟಿದೀಯ" ಅಂದರು. ಆದರೂ ರಾತ್ರಿ ಹತ್ತರ ಮೆಸೇಜಿಗೆ ಮೊದಲು ಕಾಯುವವರು ಅವರೇ.

ಆರು ವಾರ ನಾನು ನಾಲ್ಕು ಗಂಟೆಯ ಮೆಸೇಜ್ ಕೇಳಿಯೇ ಮತ್ತೆ ಮಲಗಿದೆ. "ಏನಿಲ್ಲ." "ಏನಿಲ್ಲ, ಚಳಿ." "ಮೂರು ಬಂದಿದ್ವು, ಹೋದ್ವು." ಒಂದು ದಿನ ನಾಲ್ಕೂಕಾಲಾದರೂ ಬರಲಿಲ್ಲ. ನಾಲ್ಕೂವರೆಗೆ ಚಿಕ್ಕಪ್ಪನ ದನಿ: "ಫೋನ್ ಚಾರ್ಜು ಹೋಗಿತ್ತು ಮಗಾ." ಆ ಅರ್ಧ ಗಂಟೆ ಹೇಗಿತ್ತು ಅಂತ ಬರೆಯುವುದಿಲ್ಲ.

ಡಿಸೆಂಬರಿನಲ್ಲಿ ಕೊಯ್ಲಾಯಿತು. ಒಕ್ಕಣೆ ಮುಗಿದಾಗ ಒಂಬತ್ತು ಮೂಟೆ. ಆನೆ ಇಳಿದದ್ದು ಎರಡು ಸಲ, ತಿಂದದ್ದು ಮೂಲೆಯ ಕಾಲು ಎಕರೆಯಷ್ಟು, ಅಂತ ಅಪ್ಪನ ಲೆಕ್ಕ. ಭಾನುವಾರ ಅಕ್ಕನ ಮನೆಯಿಂದ ವಿಡಿಯೋ ಕಾಲ್ ಮಾಡಿದಾಗ ಪಾಪು ಕೇಳಿದಳು, "ತಾತ, ಯಾವ ಆನೆ ಬಂದಿತ್ತು?"

ಹಿಂದೆ ಯಾವತ್ತೂ ಅವರ ಬಾಯಲ್ಲಿ ಆನೆಗೆ ಹೆಸರು ಇರಲಿಲ್ಲ. "ಅದು", "ಅವು", ಅಷ್ಟೇ.

"ಸುರೇಶನ ಅಪ್ಪ" ಅಂದರು.